ಹೊಟ್ಟೆಗೆ ಹಾಕಿಕೊಂಡವಳು

ಅಕ್ಕ ತೀರಿಕೊಂಡು ಮೂರು ತಿಂಗಳಾದ ಮೇಲೆ, ಅವಳು ಕೆಲಸ ಮಾಡಿದ್ದ ಕಡಲ ಸಂಶೋಧನಾ ಕೇಂದ್ರದಿಂದ ಒಂದು ಪತ್ರ ಬಂತು. 'ಮೂವತ್ತೊಂದು ವರ್ಷ ಪ್ರಯೋಗಾಲಯ ಸಹಾಯಕಿಯಾಗಿ ಸೇವೆ ಸಲ್ಲಿಸಿದವರ ನಿಧನಕ್ಕೆ ವಿಷಾದಿಸುತ್ತೇವೆ' ಎಂದು ಒಂದೂವರೆ ಸಾಲು. ನಾನು ಶಾಲೆಯೊಂದರ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಬೆರಳಚ್ಚು ಮಾಡಿದವಳು. ಇಂಥ ಪತ್ರ ಹೇಗೆ ತಯಾರಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೋದ ಸಲ ಸತ್ತವರ ಪತ್ರ ತೆಗೆದು, ಹೆಸರು ಅಳಿಸಿ, ಈ ಸಲದವರ ಹೆಸರು ಹೊಡೆಯುತ್ತಾರೆ, ಅಷ್ಟೆ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಅದಕ್ಕೇ ಇದನ್ನು ಬರೆಯಲು ಕೂತೆ. ಬರೆಯಲು ಇನ್ನೊಂದು ಕಾರಣವೂ ಇದೆ, ಅದು ನನಗೆ ಸಂಬಂಧಪಟ್ಟದ್ದು, ಮುಂದೆ ಬರುತ್ತದೆ.

ಅಕ್ಕನ ಕೆಲಸ ಹುಳದ ಹೊಟ್ಟೆ ಬಿಡಿಸಿ ನೋಡುವುದು. ತಮಾಷೆಯಲ್ಲ, ನಿಜವಾಗಿಯೂ ಅದೇ ಕೆಲಸ. ಸಂಜೆ ಹೊತ್ತು ಕಡಲ ದಡದಲ್ಲಿ ನಡೆದರೆ ಪಾದದ ಸುತ್ತ ಪಟಪಟನೆ ಸಿಡಿಯುವ ಸಣ್ಣ ಜೀವಗಳಿವೆಯಲ್ಲ, ಅವನ್ನು ಮರಳು ಚಿಗಟ ಎನ್ನುತ್ತಾರೆ. ಹೆಸರಿಗೆ ಚಿಗಟವೇ ಹೊರತು ಯಾರನ್ನೂ ಕಚ್ಚುವುದಿಲ್ಲ. ಸಿಗಡಿಗೆ ದೂರದ ನೆಂಟರು. ಹಗಲೆಲ್ಲ ಒದ್ದೆ ಮರಳಿನೊಳಗೆ ಅವಿತಿದ್ದು, ಬಿಸಿಲು ಇಳಿದ ಮೇಲೆ ಹೊರಗೆ ಬಂದು, ಅಲೆ ತಂದು ಎಸೆದ ಕಡಲಕಳೆಯನ್ನು ಮೇಯುತ್ತವೆ. ಅಂಥದ್ದೊಂದನ್ನು ಅಕ್ಕ ಸೂಕ್ಷ್ಮದರ್ಶಕದ ಕೆಳಗೆ ಮಗ್ಗುಲಾಗಿ ಮಲಗಿಸಿ, ಚಿಮಟದಿಂದ ತಲೆ ಹಿಡಿದು ಮೆಲ್ಲಗೆ ಎಳೆಯುವಳು. ಕೈ ಹದವಾಗಿದ್ದರೆ ಕರುಳು ದಾರದ ಹಾಗೆ ಇಡಿಯಾಗಿ ಬರುತ್ತದೆ. ಅವಸರ ಮಾಡಿದರೆ ತುಂಡಾಗುತ್ತದೆ. ಕರುಳು ಖಾಲಿಯಿದ್ದರೆ ಸೊನ್ನೆ, ಬಿರಿಯುವಂತೆ ತುಂಬಿದ್ದರೆ ನಾಲ್ಕು ಎಂದು ಹಾಳೆಯಲ್ಲಿ ಬರೆಯಬೇಕು. ಹೊಸದಾಗಿ ಸೇರಿದವರು ಹತ್ತಕ್ಕೆ ಆರು ಕರುಳು ಹರಿದು ಹಾಕುತ್ತಿದ್ದರು. ಅಕ್ಕನ ಕೈಯಲ್ಲಿ ಹರಿದದ್ದನ್ನು ಕಂಡವರಿಲ್ಲ. ಕೇಂದ್ರದಲ್ಲಿ ಎಲ್ಲರೂ ಅವಳನ್ನು 'ಕರುಳಕ್ಕ' ಎಂದೇ ಕರೆಯುತ್ತಿದ್ದರು.

ಅವಳು ಕೂರುತ್ತಿದ್ದದ್ದು ನೆಲಮಾಳಿಗೆಯ ಕೋಣೆಯಲ್ಲಿ. ಒಂದು ಕಲ್ಲಿನ ಸಿಂಕು, ಒಂದು ಎತ್ತರದ ಸ್ಟೂಲು, 'ಇದರಲ್ಲಿ ಆಹಾರ ಇಡಬಾರದು' ಎಂದು ಬರೆದಿದ್ದ ಫ್ರಿಜ್ಜು. ಅವಳ ಊಟದ ಡಬ್ಬಿ ದಿನಾ ಅದರಲ್ಲೇ ಇರುತ್ತಿತ್ತು. ಸ್ಪಿರಿಟ್ಟಿನ ವಾಸನೆ ಅವಳ ರವಿಕೆಗೂ ಕೂದಲಿಗೂ ಹತ್ತಿಕೊಂಡು ಮನೆಗೆ ಬರುತ್ತಿತ್ತು. ಊಟಕ್ಕೆ ಕೂತಾಗ ಇವಳ ಕರುಳಿನ ಪುರಾಣ ಶುರುವಾಯಿತೆಂದರೆ ಮುಗಿಯುತ್ತಿರಲಿಲ್ಲ.

"ಹಸುವಿಗೆ ನಾರು ಕರಗಿಸೋಕೆ ಹೊಟ್ಟೇಲಿ ಕೋಟಿಗಟ್ಟಲೆ ಬಾಡಿಗೆದಾರರು ಬೇಕು ಕಣೇ, ಸೂಕ್ಷ್ಮಜೀವಿಗಳು. ಈ ಪಾಪದ್ದು ಅಕ್ಕಿಕಾಳಿನಷ್ಟಿದ್ದುಕೊಂಡು ನಾರನ್ನ ಬಹುಪಾಲು ತನ್ನ ರಸದಲ್ಲೇ ಕರಗಿಸ್ಕೊಳ್ಳುತ್ತಂತೆ. ಹೊಟ್ಟೆಯೊಳಗೇ ಅರೆಯೋ ಹಲ್ಲು ಬೇರೆ."

"ಅಕ್ಕಾ, ನಾನು ಊಟ ಮಾಡ್ತಿದ್ದೀನಿ," ಎಂದು ನಾನು ತಟ್ಟೆ ಎಳೆದುಕೊಳ್ಳುತ್ತಿದ್ದೆ.

"ಮಾಡು, ಯಾರು ಬೇಡ ಅಂದ್ರು? ಅದೂ ಊಟದ ವಿಷಯಾನೇ."

ನಾನು ಆ ಮನೆಯವಳಲ್ಲ. ಗಂಡನ ಜೊತೆ ಬಾಳುವುದು ಆಗದೆ, ಎಂಟು ದಿನ ಇದ್ದು ಹೋಗುತ್ತೇನೆಂದು ಅಕ್ಕನ ಮನೆಗೆ ಬಂದೆ. ಆ ಎಂಟು ದಿನ ಇನ್ನೂ ಮುಗಿದಿಲ್ಲ. ಹಿಂದುಗಡೆಯ ಕೋಣೆ ನನ್ನದಾಯಿತು. ಅಕ್ಕನಿಗೆ ಮಕ್ಕಳಿರಲಿಲ್ಲ. ಭಾವ ಒಂದು ದಿನವೂ 'ಯಾವಾಗ ಹೊರಡ್ತೀಯ' ಎಂದು ಕೇಳಲಿಲ್ಲ. ನನ್ನನ್ನು 'ಬೆರಳಚ್ಚಮ್ಮ' ಎಂದು ಕರೆದು ರೇಗಿಸುತ್ತಿದ್ದರು, ನನ್ನ ಕೋಣೆಯ ಬಾಗಿಲು ಅಂಟಿಕೊಂಡರೆ ತಾವೇ ಬಂದು ಉಜ್ಜಿ ಸರಿಮಾಡುತ್ತಿದ್ದರು.

ಭಾವ ನಗರಸಭೆಯ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಬೆಳಕು ಹರಿಯುವ ಮುಂಚೆ ಹೋಗಿ, ಹಿಂದೆ ಕುಂಟೆ ಕಟ್ಟಿಕೊಂಡು, ದಡದ ಉದ್ದಕ್ಕೂ ಬಿದ್ದ ಕಡಲಕಳೆಯನ್ನು ಬಾಚಿ ಲಾರಿಗೆ ತುಂಬಬೇಕು. ಅದು ಕೊಳೆತು ನಾರುತ್ತದೆ, ನೊಣ ಕೂರುತ್ತದೆ ಎಂದು ರಜೆಗೆ ಬಂದವರು ದೂರು ಕೊಡುತ್ತಿದ್ದರು. "ನಮ್ಮದು ಒಳ್ಳೆ ಜೋಡಿ," ಎಂದು ಭಾವ ಬಂದವರಿಗೆಲ್ಲ ಹೇಳುವರು. "ನಾನು ಅವುಗಳ ಮುಂದಿನ ತಟ್ಟೆ ಎತ್ತೋನು, ಇವಳು ಊಟ ಆಯ್ತಾ ಅಂತ ಹೊಟ್ಟೆ ನೋಡೋಳು." ಅಕ್ಕ ಪ್ರತಿ ಸಲವೂ ಮೊದಲ ಸಲ ಕೇಳಿದವಳ ಹಾಗೆ ನಗುತ್ತಿದ್ದಳು.

ಆ ತಮಾಷೆಯೇ ಒಂದು ದಿನ ಕಚೇರಿಯ ಕೆಲಸವಾಗಿ ಬಂತು. ಕಳೆ ಬಾಚುವುದರಿಂದ ದಡದ ಜೀವಗಳು ಉಪವಾಸ ಬೀಳುತ್ತವೆಯೇ ಎಂದು ತಿಳಿಸಿ ಎಂದು ನಗರಸಭೆ ಕೇಂದ್ರವನ್ನು ಕೇಳಿತು. ಹೌದಾದರೆ ಬಾಚುವುದು ನಿಲ್ಲಿಸುತ್ತೇವೆ, ಇಲ್ಲವಾದರೆ ಬಂಡೆಯ ಪಕ್ಕ ಬಾಚದೆ ಉಳಿಸಿರುವ ಕೊನೆಯ ತುಂಡನ್ನೂ ಬಾಚುತ್ತೇವೆ ಎಂದಿತು. ಕೇಂದ್ರದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಮೇಡಂ ಆ ಕೆಲಸವನ್ನು ಅಕ್ಕನಿಗೇ ವಹಿಸಿದರು. ಎರಡು ವರ್ಷ, ಬಾಚಿದ ದಡದಿಂದಲೂ ಬಾಚದ ತುಂಡಿನಿಂದಲೂ ಚಿಗಟ ಹಿಡಿದು ಹೊಟ್ಟೆ ನೋಡಬೇಕು. ಉತ್ತರ ಹೌದೆಂದು ಬಂದರೆ ಭಾವನ ಟ್ರ್ಯಾಕ್ಟರ್ ನಿಲ್ಲುತ್ತದೆ ಎಂದು ನಮಗೆ ಮೂವರಿಗೂ ಗೊತ್ತಿತ್ತು. ಆ ಬಗ್ಗೆ ಮನೆಯಲ್ಲಿ ಯಾರೂ ಬಾಯಿಬಿಡಲಿಲ್ಲ.

ಹಿಡಿದ ಚಿಗಟವನ್ನು ನಿಂತ ಜಾಗದಲ್ಲೇ ಸ್ಪಿರಿಟ್ಟಿಗೆ ಹಾಕಬೇಕು ಎನ್ನುವುದು ನಿಯಮ. ಅಕ್ಕನಿಗೆ ಅದು ಆಗುತ್ತಿರಲಿಲ್ಲ. "ಜೀವಂತ ಹಾಕಿದ್ರೆ ಸುಡುತ್ತೆ ಕಣೇ, ಒದ್ದಾಡ್ತವೆ," ಎನ್ನುವಳು. ಅದಕ್ಕೆ ಅವಳದೇ ಒಂದು ವಿಧಾನ ಮಾಡಿಕೊಂಡಿದ್ದಳು. ಸಂಜೆ ಹಿಡಿದದ್ದನ್ನು ಬಾಟಲಿಗೆ ಹಾಕಿ, ಮೈ ಒಣಗದಿರಲೆಂದು, ಒಂದರ ಮೇಲೊಂದು ಬಿದ್ದು ಮೀಸೆ ಮುರಿದುಕೊಳ್ಳದಿರಲೆಂದು ಒದ್ದೆ ಟಿಶ್ಯೂ ಕಾಗದ ಮಡಿಸಿ ಒಳಗಿಡುವಳು. ರಾತ್ರಿ ಆ ಬಾಟಲಿಗಳು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇರುತ್ತಿದ್ದವು. ಬೆಳಿಗ್ಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ, ಫ್ರಿಜ್ಜಿನ ತಣ್ಣನೆಯಲ್ಲಿ ನಿದ್ದೆ ಬರಿಸಿ, ಆಮೇಲೆ ಸ್ಪಿರಿಟ್ಟು. ಅವಳು ತಂದ ಚಿಗಟಗಳಿಗೆ ಮೀಸೆ ಕಾಲು ಎಲ್ಲ ನೆಟ್ಟಗಿರುತ್ತಿದ್ದವು. ಮೇಡಂ ಮೆಚ್ಚಿಕೊಂಡು, ಉಳಿದವರಿಗೂ ಹೀಗೇ ಮಾಡಿ ಎಂದಿದ್ದರಂತೆ. ಹೇಳುವಾಗ ಅಕ್ಕನ ಮುಖ ಅರಳಿತ್ತು.

ಎರಡು ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಎರಡೂ ಕಡೆಯ ಹೊಟ್ಟೆಗಳಿಗೆ ವ್ಯತ್ಯಾಸವೇ ಇರಲಿಲ್ಲ. ಬಾಚಿದ ದಡದಲ್ಲೂ ಮೂರು, ನಾಲ್ಕು, ಮೂರು, ನಾಲ್ಕು. ಒಳಗಿನ ಬಣ್ಣ ಸ್ವಲ್ಪ ಬಿಳಿಚಿತ್ತು ನಿಜ, ಬಿಸಿಲಿಗೆ ಒಣಗಿದ ಹಳೆಯ ಕಳೆ ತಿಂದಿರಬೇಕು ಎಂದುಕೊಂಡಳು. ಹಾಳೆಯಲ್ಲಿ ಹೊಟ್ಟೆ ಎಷ್ಟು ತುಂಬಿದೆ ಎಂದು ಬರೆಯಲು ಜಾಗವಿತ್ತು, ಏನು ತುಂಬಿದೆ ಎನ್ನಲು ಇರಲಿಲ್ಲ. ಚಿಗಟಗಳ ಸಂಖ್ಯೆ ಕಡಿಮೆಯಾಗಿದ್ದರೂ, ಇರುವವು ಉಂಡು ತಿಂದು ಚೆನ್ನಾಗಿವೆ ಎಂದು ವರದಿ ಹೋಯಿತು. ಬಂಡೆಯ ಪಕ್ಕದ ತುಂಡಿಗೂ ಕುಂಟೆ ಇಳಿಯಿತು.

ವರದಿಯ ಸುದ್ದಿ ಬಂದ ಸಂಜೆ ನಾನು ಪೇಟೆಯಿಂದ ಸಿಹಿ ತಂದಿದ್ದೆ. ಭಾವ ಅದನ್ನು ಮುಟ್ಟದೆ ಕೇಳಿದರು.

"ನಿಜವಾಗ್ಲೂ ಹೊಟ್ಟೆ ತುಂಬಿತ್ತೇನೇ?"

ಅಕ್ಕನಿಗೆ ಕೆಂಡದಂಥ ಕೋಪ ಬಂತು. "ಇಷ್ಟು ವರ್ಷ ಇದೇ ನೋಡ್ಕೊಂಡು ಬಂದಿದ್ದೀನಿ ರೀ. ನಾನು ನಾಲ್ಕು ಅಂದ್ರೆ ನಾಲ್ಕೇ."

"ಹಾಗಾದ್ರೆ ಸರಿ," ಎಂದರು ಅವರು.

ವರದಿ ಹೋದ ಮೇಲೂ ತಿಂಗಳಿಗೊಮ್ಮೆ ಚಿಗಟ ಹಿಡಿದು ಹೊಟ್ಟೆ ನೋಡುವ ಕೆಲಸ ಮುಂದುವರಿದಿತ್ತು. ಮುಂದಿನ ವರ್ಷ ಚಳಿ ಶುರುವಾಗುವ ಹೊತ್ತಿಗೆ ಕೇಂದ್ರದ ಉಗ್ರಾಣದಲ್ಲಿ ಬಿಳಿ ಟಿಶ್ಯೂ ಮುಗಿದು, ಕೈ ಒರೆಸಲು ಇಡುವ ನೀಲಿ ಬಣ್ಣದ ಕಾಗದದ ಸುರುಳಿ ಕೊಟ್ಟರು. ಕಾಗದ ಯಾವುದಾದರೇನು ಎಂದು ಅಕ್ಕ ಅದನ್ನೇ ಮಡಿಸಿ ಬಾಟಲಿಗೆ ಹಾಕಿದಳು. ಆ ಸಂಜೆ ದಡವೆಲ್ಲ ತಡಕಿದರೂ ಅವಳಿಗೆ ಸಿಕ್ಕಿದ್ದು ಒಂಬತ್ತೇ ಚಿಗಟ. ಮರುದಿನ ಮೊದಲನೆಯದರ ತಲೆ ಹಿಡಿದು ಎಳೆದಳು. ಕರುಳು ಇಡಿಯಾಗಿ ಬಂತು. ನೀಲಿಯಾಗಿತ್ತು.

ಶಾಲೆಗೆ ರಜೆಯಿದ್ದುದರಿಂದ ನಾನು ಮನೆಯಲ್ಲಿದ್ದೆ. ನಡುಮಧ್ಯಾಹ್ನ ಅಕ್ಕ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಕೈಚೀಲ ಹೆಗಲಿನಿಂದ ಇಳಿಸಿರಲೇ ಇಲ್ಲ.

"ಕಾಗದ ತಿಂದಿವೆ ಕಣೇ," ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಕಾಗದವೂ ನಾರೇ. ರಾತ್ರಿಯೆಲ್ಲ ಬಾಟಲಿಯೊಳಗೆ ಕೂತು ಅದನ್ನೇ ಮೇದಿವೆ. ಎರಡು ವರ್ಷ ಅವಳು ನಾಲ್ಕು ನಾಲ್ಕು ಎಂದು ಬರೆದದ್ದು ಕಾಗದಕ್ಕೆ ಕೊಟ್ಟ ಅಂಕ.

"ಎಲ್ಲವೂ ತಿಂದಿರ್ತವೆ ಬಿಡು, ಆ ಕಡೆಯವೂ ಈ ಕಡೆಯವೂ," ಎಂದೆ, ಸಮಾಧಾನಕ್ಕೆ.

"ಇಲ್ಲ ಕಣೇ. ಬಂಡೆ ಕಡೆಯವುಗಳ ಹೊಟ್ಟೆ ಕಂದು ಬಣ್ಣ ಇರ್ತಿತ್ತು, ಕಳೆ ತಿಂದಿದ್ದು. ಬಿಳಿಚಿಕೊಂಡಿದ್ದು ಬಾಚಿದ ಕಡೆಯವು ಮಾತ್ರ. ಹೊಟ್ಟೆ ತುಂಬಿದ್ರೆ ಕಾಗದ ಯಾಕೆ ತಿಂತಿದ್ವು? ಹಸಿದಿದ್ವು. ಹಸಿದವನ್ನ ತಂದು ಉಂಡಿದ್ದಾವೆ ಅಂತ ಬರೆದುಬಿಟ್ಟೆ." ಕೈಚೀಲದ ಪಟ್ಟಿ ಸರಿಮಾಡಿಕೊಂಡು ಎದ್ದಳು. "ಮೇಡಂಗೆ ಇವತ್ತೇ ಹೇಳ್ಬೇಕು. ಅದಕ್ಕೂ ಮುಂಚೆ ಇವರಿಗೆ ಒಂದು ಮಾತು ಹೇಳಿಬಿಡ್ತೀನಿ."

ಇಲ್ಲಿ ನಾನು ನನ್ನ ಬುದ್ಧಿ ತೋರಿಸಿದೆ. "ನಿನಗೆ ತಲೆ ಕೆಟ್ಟಿದೆಯಾ?" ಎಂದೆ. "ಗಂಡನ ಟ್ರ್ಯಾಕ್ಟರ್ ಉಳಿಸೋಕೆ ಹೆಂಡತಿ ಸುಳ್ಳು ಬರೆದ್ಲು ಅಂತಾರೆ. ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸ್ತಾರೆ. ಭಾವನಿಗೆ ಹೇಳಿದ್ರೆ ಅವರೂ ಇದರಲ್ಲಿ ಸೇರಿಕೊಂಡ ಹಾಗಾಗುತ್ತೆ. ಹುಳಕ್ಕೋಸ್ಕರ ಮನೆ ಹಾಳು ಮಾಡ್ಕೋತೀಯಾ? ಬಾಯಿ ಮುಚ್ಕೊಂಡಿರು."

"ಇವರಿಗಾದ್ರೂ..."

"ಬೇಡ ಅಂದೆ. ನನ್ನಾಣೆ."

ಇದನ್ನೆಲ್ಲ ಭಾವನಿಗಾಗಿ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಸುಳ್ಳಲ್ಲ. ಆದರೆ ಅವರ ಕೆಲಸ ಹೋದರೆ ಬಾಡಿಗೆ ಕಟ್ಟಲಾಗದೆ ಆ ಮನೆ ಬಿಡಬೇಕಾಗುತ್ತದೆ, ಚಿಕ್ಕ ಮನೆಗೆ ಹೋದರೆ ಹಿಂದುಗಡೆ ಕೋಣೆ ಇರುವುದಿಲ್ಲ ಎನ್ನುವುದು ಅವತ್ತು ನನ್ನ ತಲೆಗೆ ಎಲ್ಲಕ್ಕಿಂತ ಮೊದಲು ಬಂದಿತ್ತು. ಅಕ್ಕ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಕರುಳು ನೋಡುವುದರಲ್ಲಿ ಪಳಗಿದವಳು, ಅವಳಿಗೆ ಕಾಣಿಸಿರಬೇಕು. "ಆಯ್ತು," ಎಂದಳು.

ಐದು ತಿಂಗಳು ಅವಳು ಸುಮ್ಮನಿದ್ದಳು. ಬಾಟಲಿಗೆ ಕಾಗದ ಹಾಕುವುದನ್ನು ಬಿಟ್ಟಳು. ನಿಯಮದಂತೆ ದಡದಲ್ಲೇ ನಿಂತು ಜೀವಂತ ಚಿಗಟವನ್ನು ಸ್ಪಿರಿಟ್ಟಿಗೆ ಹಾಕಿ, ಒದ್ದಾಟ ನಿಲ್ಲುವವರೆಗೆ ಮುಖ ತಿರುಗಿಸದೆ ನೋಡುತ್ತಿದ್ದಳಂತೆ. ಮೊದಲ ತಿಂಗಳು ಆರು ಸಿಕ್ಕವು. ಆಮೇಲೆ ನಾಲ್ಕು, ಮೂರು, ಎರಡು. ಕರುಳುಗಳೆಲ್ಲ ಖಾಲಿಯಾಗಿ ಗಾಜಿನ ಹಾಗೆ ಪಾರದರ್ಶಕವಾಗಿದ್ದವು. ಮನೆಯಲ್ಲಿ ಮಾತು ಕಡಿಮೆ ಮಾಡಿದಳು, ಅದರಲ್ಲೂ ಭಾವನ ಜೊತೆ. ಅವರು ಬೆಳಿಗ್ಗೆ ಬೂಟು ಹಾಕಿಕೊಂಡು ಹೊರಡುವಾಗ ಅಡುಗೆಮನೆಯಲ್ಲಿ ಏನೋ ಕೆಲಸ ಹುಡುಕಿಕೊಂಡು ಅಲ್ಲೇ ಉಳಿಯುವಳು. ತಟ್ಟೆಗೆ ಬಡಿಸಿಕೊಂಡದ್ದನ್ನು ಕಲಸಿ ಕಲಸಿ ಬಿಡುವಳು. ನಾನು ಎಲ್ಲವನ್ನೂ ನೋಡುತ್ತಿದ್ದೆ. ದಿನ ಕಳೆದರೆ ಸರಿಹೋಗುತ್ತದೆ ಎಂದುಕೊಳ್ಳುತ್ತಿದ್ದೆ.

ಐದನೆಯ ತಿಂಗಳು ಒಂದೇ ಒಂದು ಸಿಕ್ಕಿತು. ಹೆಣ್ಣು. ಎದೆಯ ಕೆಳಗಿನ ಚೀಲದಲ್ಲಿ ಮೊಟ್ಟೆಗಳಿರಬೇಕಾದ ಕಾಲ, ಚೀಲ ಬರಿದಾಗಿತ್ತು, ಹೊಟ್ಟೆಯೂ ಬರಿದಾಗಿತ್ತು. ಅಕ್ಕ ಹಾಳೆಯ ಮೇಲೆ ಸೊನ್ನೆ ಬರೆದು, ಅವತ್ತಿನಿಂದ ಎತ್ತಿಟ್ಟಿದ್ದ ನೀಲಿ ಕರುಳಿನ ಗಾಜಿನ ಪಟ್ಟಿಯನ್ನೂ ತೆಗೆದುಕೊಂಡು, ಮಹಡಿ ಹತ್ತಿ ಹೋಗಿ ಮೇಡಂ ಮುಂದೆ ಇಟ್ಟು ಎಲ್ಲವನ್ನೂ ಹೇಳಿದಳು. ಯಾರನ್ನೂ ಕೇಳಲಿಲ್ಲ.

ಮೇಡಂ ಒಳ್ಳೆಯವರು. ತಪ್ಪು ವಿಧಾನದ್ದು, ಅದನ್ನು ಒಪ್ಪಿಕೊಂಡ ತಮ್ಮದು ಎಂದು ನಗರಸಭೆಗೆ ಬರೆದರು. ಆದರೆ ಐದು ತಿಂಗಳು ಮುಚ್ಚಿಟ್ಟದ್ದನ್ನು ಅವರಿಗೂ ಸಮರ್ಥಿಸಲು ಆಗಲಿಲ್ಲ. ಊರು ನಾನು ಹೇಳಿದ ಹಾಗೆಯೇ ಆಡಿಕೊಂಡಿತು. ಬಸ್ಸಿನಲ್ಲಿ ಅಕ್ಕನ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಕೇಂದ್ರದಲ್ಲಿ ಕರುಳಕ್ಕ ಎನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆಯತೊಡಗಿದರು. ಬಾಚುವುದು ನಿಂತಿತು. ಭಾವನನ್ನು ಗ್ಯಾರೇಜಿನಲ್ಲಿ ಗಾಡಿ ತೊಳೆಯಲು ಹಾಕಿದರು. ಮನೆ ಬಿಡಬೇಕಾಗಿ ಬರಲಿಲ್ಲ, ನನ್ನ ಕೋಣೆ ನನಗೆ ಉಳಿಯಿತು.

ಭಾವನಿಗೆ ವಿಷಯ ಗೊತ್ತಾದದ್ದು ಅಕ್ಕನ ಬಾಯಿಂದಲ್ಲ. ನಗರಸಭೆಯ ಗೋಡೆಗೆ ಅಂಟಿಸಿದ ಸೂಚನೆಯಿಂದ. ಅವತ್ತು ಮಧ್ಯಾಹ್ನ ಅವರು ಬಂದು ಮೇಜಿನ ಮುಂದೆ ಕೂತರು. ಅಕ್ಕ ಎದುರಿಗೆ ನಿಂತಿದ್ದಳು. ನಾನು ಸಿಂಕಿನ ಕಡೆ ತಿರುಗಿ ಲೋಟ ತೊಳೆಯುತ್ತಿದ್ದೆ.

"ನಾನು ಟ್ರ್ಯಾಕ್ಟರ್ ಮೇಲೆ ಕೂತು ನೋಡ್ತಿದ್ದೆ ಕಣೇ," ಎಂದರು ಭಾವ. ದನಿ ಏರಿಸಲಿಲ್ಲ. "ಮೊದಲೆಲ್ಲ ಬೆಳಗಿನ ಜಾವ ದೀಪದ ಬೆಳಕಿಗೆ ದಡವೆಲ್ಲ ಸಿಡಿಯೋದು. ಆಮೇಲೆ ಏನೂ ಇಲ್ಲ. ಅವನ್ನ ಹೆಕ್ಕೋಕೆ ಬರ್ತಿದ್ದ ಸಣ್ಣ ಹಕ್ಕಿಗಳೂ ಇಲ್ಲ. ಏನೋ ಆಗ್ತಿದೆ ಅಂತ ನನಗೆ ಅನ್ನಿಸ್ತಿತ್ತು. ಆದ್ರೆ ನೀನು ನಾಲ್ಕು ಅಂದಿದ್ದೆ. ನನ್ನ ಕಣ್ಣಿಗಿಂತ ನಿನ್ನ ಬರಹ ದೊಡ್ಡದು ಅಂದ್ಕೊಂಡೆ."

ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ತಪ್ಪು ಯಾರಿಗಾದ್ರೂ ಆಗುತ್ತೆ. ಗೊತ್ತಾದ ಮೇಲೆ ನನಗೆ ಯಾಕೆ ಹೇಳಲಿಲ್ಲ? ಐದು ತಿಂಗಳು ದಿನಾ ಹೋಗಿ ಕುಂಟೆ ಎಳೆದೆನಲ್ಲೇ. ಒಂದು ಮಾತು ಹೇಳಿದ್ದಿದ್ರೆ ಅವತ್ತೇ ಕೀಲಿಕೈ ಎಸೆದು ಬರ್ತಿದ್ದೆ. ನಾನು ಕೆಲಸಕ್ಕೆ ಜೋತುಬೀಳೋನು ಅಂದ್ಕೊಂಡ್ಯಾ?"

"ಧೈರ್ಯ ಬರಲಿಲ್ಲ ರೀ," ಎಂದಳು ಅಕ್ಕ.

ನಾನು ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಬಾಯಿ ಮುಚ್ಚಿಕೊಂಡಿರು ಎಂದು ಹೇಳಲು ಅಷ್ಟು ಚುರುಕಾಗಿದ್ದ ನಾಲಿಗೆ ಆಗ ಮಿಸುಕಲಿಲ್ಲ. ಆಮೇಲೆ ಅಕ್ಕ ಒಬ್ಬಳೇ ಸಿಕ್ಕಾಗ, "ನಾನು ಹೇಳಿಬಿಡ್ತೀನಿ ಅಕ್ಕ," ಎಂದೆ. ಅವಳು ತಲೆಯಾಡಿಸಿ, "ಬಿಡು, ಒಬ್ಬಳ ಮೇಲಿರೋ ಕೋಪ ಸಾಕು," ಎಂದಳು. ನಾನು ಅದಕ್ಕೇ ಕಾಯುತ್ತಿದ್ದವಳ ಹಾಗೆ ಬಿಟ್ಟುಬಿಟ್ಟೆ.

ಚಿಗಟಗಳು ಮರಳಿ ಬರಲಿಲ್ಲ. ಮೀನಿನ ಮರಿಗಳಾದರೆ ನೀರಿನ ಜೊತೆ ಎಲ್ಲಿಂದಲೋ ತೇಲಿಬರುತ್ತವೆ. ಮರಳು ಚಿಗಟ ಹಾಗಲ್ಲ, ತಾಯಿ ಮೊಟ್ಟೆಗಳನ್ನು ತನ್ನ ಚೀಲದಲ್ಲೇ ಹೊತ್ತು ತಿರುಗುತ್ತದೆ, ಮರಿಗಳು ಹುಟ್ಟಿದ ದಡದಲ್ಲೇ ಬೆಳೆಯುತ್ತವೆ. ಒಂದು ದಡದಲ್ಲಿ ಕೊನೆಯ ತಾಯಿ ಹೋದರೆ ಅಲ್ಲಿಗೆ ಮುಗಿಯಿತು, ಹೊರಗಿನಿಂದ ಬರುವುದು ಬಲು ಅಪರೂಪ ಎಂದು ಅಕ್ಕನೇ ಹೇಳಿದ್ದಳು. ಆದರೂ ನಿವೃತ್ತಳಾದ ಮೇಲೆ ದಿನಾ ಸಂಜೆ ಹೋಗುತ್ತಿದ್ದಳು. ಆರು ವರ್ಷ ಹೋದಳು. ಈಗ ಕಳೆ ಮೊಣಕಾಲೆತ್ತರ ರಾಶಿ ಬೀಳುತ್ತಿತ್ತು. ಅದನ್ನು ಕೈಯಲ್ಲಿ ಎತ್ತಿ ಎತ್ತಿ ಕೆಳಗೆ ನೋಡಿ, ಕತ್ತಲಾಗುವ ಮುಂಚೆ ಮನೆಗೆ ಬರುವಳು. ಸಿಕ್ಕಿತಾ ಎಂದು ನಾನು ಕೇಳುತ್ತಿರಲಿಲ್ಲ. ಸಿಕ್ಕಿದ್ದರೆ ಅವಳ ಮುಖವೇ ಹೇಳುತ್ತಿತ್ತು. ಗಂಡಹೆಂಡಿರು ಜಗಳವಾಡಿದ್ದನ್ನು ನಾನು ಕಾಣಲಿಲ್ಲ. ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟು ಮಾತು ಅವರಿಬ್ಬರ ನಡುವೆ ಉಳಿದಿತ್ತು. ತಟ್ಟೆ ಎತ್ತುವವನ ತಮಾಷೆಯನ್ನು ಭಾವ ಮತ್ತೆ ಯಾರಿಗೂ ಹೇಳಲಿಲ್ಲ.

ಹೃದಯ ಕೈಕೊಟ್ಟು ಅಕ್ಕ ಎರಡೇ ದಿನ ಆಸ್ಪತ್ರೆಯಲ್ಲಿದ್ದಳು. ಆ ಎರಡು ದಿನವೂ ಭಾವ ಮಂಚದ ಪಕ್ಕ ಕೂತಿದ್ದರು. ಹೇಳಲು ನನಗೆ ಎಷ್ಟೋ ಹೊತ್ತು ಸಿಕ್ಕಿತ್ತು. ಹೇಳಲಿಲ್ಲ.

ಇವತ್ತು ಆ ಒಂದೂವರೆ ಸಾಲಿನ ಪತ್ರ ಓದಿ ಸಿಟ್ಟು ನೆತ್ತಿಗೇರಿದಾಗ, ನಾನಾದರೂ ಅವಳಿಗೆ ಏನು ಕೊಟ್ಟೆ ಎಂದು ಕೇಳಿಕೊಂಡೆ. ಎದ್ದು ಹಿತ್ತಲಿಗೆ ಹೋದೆ. ಭಾವ ಮೆಟ್ಟಿಲ ಮೇಲೆ ಕೂತು ಬೂಟಿನ ಅಟ್ಟೆಗೆ ಅಂಟು ಹಚ್ಚುತ್ತಿದ್ದರು. ನಿಂತೇ ಹೇಳಿದೆ.

"ಭಾವಾ, ಆ ಐದು ತಿಂಗಳು ಅಕ್ಕನ ಬಾಯಿ ಕಟ್ಟಿದ್ದು ನಾನು. ನಿಮಗೆ ಹೇಳ್ತೀನಿ ಅಂತ ಹೊರಟಿದ್ಲು, ಆಣೆ ಹಾಕಿ ತಡೆದೆ."

ಅವರು ಅಂಟಿನ ಕಡ್ಡಿಯನ್ನು ಡಬ್ಬಿಯ ಅಂಚಿಗೆ ಒರೆಸಿದರು.

"ನನಗೆ ಹೇಳ್ತೀನಿ ಅಂದಿದ್ಲಾ?"

"ಗೊತ್ತಾದ ದಿನಾನೇ ಅಂದ್ಲು. ಮೇಡಂಗಿಂತ ಮೊದಲು ನಿಮಗೆ ಅಂದ್ಲು."

"ಅದೇ ದಿನಾನಾ?" ಎಂದು ಮತ್ತೊಮ್ಮೆ ಕೇಳಿದರು. ನಾನು ಹೌದೆಂದೆ. "ಧೈರ್ಯ ಬರಲಿಲ್ಲ ಅಂದಿದ್ಲಲ್ಲ ನನ್ನ ಹತ್ರ."

"ನನ್ನ ಹೆಸರು ಹೇಳಿದ್ರೆ ನೀವು ನನ್ನನ್ನ ಮನೆಯಿಂದ ಕಳಿಸಿಬಿಡ್ತೀರಿ ಅಂತ ಇರ್ಬೇಕು."

"ಕಳಿಸ್ತಿದ್ದೆ," ಎಂದರು ಭಾವ. "ಆವತ್ತೇ ಕಳಿಸ್ತಿದ್ದೆ."

ನನಗೆ ಅಳು ಬಂತು. ಅವರು ನನ್ನ ಕಡೆ ನೋಡಲಿಲ್ಲ, ಬೈಯಲೂ ಇಲ್ಲ. ಬೂಟನ್ನು ತೊಡೆಯ ಮೇಲೆ ಮಗುಚಿ, ಅಟ್ಟೆಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದರು.

"ದಿನಾ ಸಂಜೆ ದಡಕ್ಕೆ ಹೊರಡುವಾಗ ಬಾಗಿಲ ಹತ್ರ ಸ್ವಲ್ಪ ಹೊತ್ತು ನಿಲ್ಲೋಳು," ಎಂದರು ಆಮೇಲೆ. "ಚಪ್ಪಲಿ ಮೆಟ್ಟಿ ಆಗಿರೋದು, ಆದ್ರೂ ನಿಲ್ಲೋಳು. ನಾನು ಬರ್ತೀನೇನೋ ಅಂತ. ನಾನು ತಲೆ ಎತ್ತುತ್ತಿರಲಿಲ್ಲ. ಆರು ವರ್ಷ ಎತ್ತಲಿಲ್ಲ."